ಇಪ್ಪತ್ಮೂರನೆಯ ನಡೆಗೆ ಒಂಬತ್ತು ಸೆಕೆಂಡು

ಸಂಘದ ಅಧ್ಯಕ್ಷರೂ ನನ್ನ ಎರಡು ದವಡೆ ಹಲ್ಲು ಕಿತ್ತವರೂ ಆದ ದಂತವೈದ್ಯರೇ, ತಮಗೆ ಚದುರಂಗ ಬರುವುದಿಲ್ಲ ಎಂಬುದನ್ನು ಇಪ್ಪತ್ತು ನಿಮಿಷ ಸವಿಸ್ತಾರವಾಗಿ ತಿಳಿಸಿಕೊಟ್ಟ ಮುಖ್ಯ ಅತಿಥಿಗಳೇ, ಕಾರ್ಯದರ್ಶಿಗಳೇ, ನನ್ನ ಗುರುಗಳೇ, ಲಿಫ್ಟ್ ಕೆಟ್ಟಿದ್ದರೂ ಗ್ರಂಥಾಲಯದ ಮೂರನೆಯ ಮಹಡಿಯವರೆಗೆ ಹತ್ತಿ ಬಂದಿರುವ ಸಭಿಕರೇ,

ಆನ್‌ಲೈನ್ ಬ್ಲಿಟ್ಜ್ ವಿಭಾಗದಲ್ಲಿ 'ವರ್ಷದ ಅತ್ಯುತ್ತಮ ಪ್ರಗತಿ' ಎಂಬ ಫಲಕವನ್ನು ನನಗೆ ಕೊಟ್ಟಿದ್ದೀರಿ. ಅರವತ್ಮೂರು ವರ್ಷದ ಮನುಷ್ಯನಿಗೆ ಪ್ರಗತಿಯ ಫಲಕ ಸಿಗುವುದು ಅಪರೂಪ. ಈ ವಯಸ್ಸಿನಲ್ಲಿ ನಮ್ಮಲ್ಲಿ ಪ್ರಗತಿ ಕಾಣುವುದು ಸಾಮಾನ್ಯವಾಗಿ ಸಕ್ಕರೆ ಮತ್ತು ರಕ್ತದೊತ್ತಡಗಳು ಮಾತ್ರ. ಆದ್ದರಿಂದ ನಾನು ಕೃತಜ್ಞ.

ಹೊಸದಾಗಿ ಕಲಿಯುವವರಿಗೆ ಐದು ಸಲಹೆ ಕೊಡಿ, ಹತ್ತು ನಿಮಿಷದಲ್ಲಿ ಮುಗಿಸಿ ಎಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದ್ದಾರೆ. ತಿಳಿಯದವರಿಗಾಗಿ, ಅಂದರೆ ಮುಖ್ಯ ಅತಿಥಿಗಳಿಗಾಗಿ, ಒಂದು ಮಾತು. ಬ್ಲಿಟ್ಜ್ ಎಂದರೆ ಅವಸರದ ಚದುರಂಗ. ಇಬ್ಬರಿಗೂ ಮೂರು ಮೂರು ನಿಮಿಷ. ಯಾರ ಸಮಯ ಮೊದಲು ಮುಗಿಯುತ್ತದೋ ಅವರು ಸೋತಂತೆ, ಹಲಗೆಯ ಮೇಲೆ ಎಷ್ಟೇ ಚೆನ್ನಾಗಿದ್ದರೂ. ಎದುರಾಳಿ ಎಲ್ಲಿರುತ್ತಾನೋ, ಯಾರೋ, ಗೊತ್ತಿಲ್ಲ. ನನ್ನನ್ನು ಅತಿ ಹೆಚ್ಚು ಸಲ ಸೋಲಿಸಿದವರ ಹೆಸರು 'ನಿದ್ದೆಗಣ್ಣ'. ಅವರು ನಿಮ್ಮಲ್ಲೇ ಒಬ್ಬರಾಗಿದ್ದರೆ ದಯವಿಟ್ಟು ಕೈ ಎತ್ತಬೇಡಿ.

ಈ ಆಟ ನನಗೆ ಹತ್ತಿಸಿದವಳು ಮಗಳು. ನಾನು ನಿವೃತ್ತನಾದ ಮರುದಿನ ನನ್ನ ಫೋನಿಗೆ ಇದನ್ನು ಹಾಕಿಕೊಟ್ಟು, "ಅಪ್ಪಾ, ಇದರಲ್ಲಿ ಆಡ್ಕೊಂಡಿರಿ. ಸುಮ್ನೆ ಅಮ್ಮನ ತಲೆ ತಿನ್ಬೇಡಿ" ಎಂದಳು. ನಾನು ಅಕ್ಷರಶಃ ಪಾಲಿಸಿದೆ. ಮೂರು ವರ್ಷ ಅವಳ ಅಮ್ಮನ ತಲೆಯನ್ನು ನಾನು ಒಂದು ದಿನವೂ ತಿನ್ನಲಿಲ್ಲ.

ಆಗ ನನ್ನ ಅಂಕ ಆರುನೂರ ನಲವತ್ತು. ಹಾಗಂದರೇನು ಎಂದು ಗುರುಗಳನ್ನು ಕೇಳಿದೆ. ನಮ್ಮ ಗುರುಗಳಿಗೆ ಇಪ್ಪತ್ತಾರು ವರ್ಷ; ಬೀದಿಯ ತುದಿಯ ಔಷಧಿ ಅಂಗಡಿ ಅವರದು; ಒಂದು ಚೀಟಿಗೂ ಇನ್ನೊಂದು ಚೀಟಿಗೂ ನಡುವೆ ಪಾಠ ಹೇಳುತ್ತಾರೆ. "ಕುದುರೆ ಹೇಗೆ ಹೋಗುತ್ತೆ ಅಂತ ಗೊತ್ತು, ಯಾಕೆ ಹೋಗುತ್ತೆ ಅಂತ ಗೊತ್ತಿಲ್ಲ ಅಂತ ಅರ್ಥ, ಅಂಕಲ್" ಎಂದರು.

ಮೊದಲ ಸಲಹೆ ಅವರದೇ. ಸೋಲಿನ ಪುಸ್ತಕ ಇಡಿ. ಸೋತ ಪ್ರತಿಯೊಂದು ಆಟಕ್ಕೂ ತಾರೀಖು ಹಾಕಿ, ಮುಂದೆ ಕಾರಣ ಬರೆಯಬೇಕು. ಕಾರಣ ನಮ್ಮದೇ ಆಗಿರಬೇಕು. 'ನೆಟ್‌ವರ್ಕ್ ಸರಿಯಿರಲಿಲ್ಲ' ಎಂದು ಬರೆದರೆ ಗುರುಗಳು ಹೊಡೆದು ಹಾಕುತ್ತಾರೆ. 'ಕರೆಗಂಟೆ ಸದ್ದಾಯಿತು' ಎಂದು ಬರೆದರೂ ಹೊಡೆದು ಹಾಕುತ್ತಾರೆ. ನನ್ನ ಪುಸ್ತಕದಲ್ಲಿ ಎರಡು ಸಾವಿರದ ನೂರ ಹನ್ನೊಂದು ಸೋಲುಗಳಿವೆ. ದುರಾಸೆ, ಅವಸರ, ಆನೆಯನ್ನು ಮರೆತೆ, ಮತ್ತೆ ಆನೆಯನ್ನು ಮರೆತೆ, ಕೋಪದಲ್ಲಿ ಇನ್ನೊಂದು ಆಟ ಆಡಿದೆ. ಮೂರು ಪುಸ್ತಕ ತುಂಬುವ ಹೊತ್ತಿಗೆ ಅಂಕ ಸಾವಿರದ ಮುನ್ನೂರು ದಾಟಿತ್ತು. ಗೆದ್ದ ಆಟಕ್ಕೆ ಕಾರಣ ಬರೆಯುವ ಪದ್ಧತಿ ನಮ್ಮಲ್ಲಿ ಇಲ್ಲ.

ಎರಡನೆಯ ಸಲಹೆ, ಮುಂಗಡ ನಡೆ. ಎದುರಾಳಿ ಇನ್ನೂ ಯೋಚಿಸುತ್ತಿರುವಾಗಲೇ ನಮ್ಮ ಮುಂದಿನ ನಡೆಯನ್ನು ಒತ್ತಿ ಇಟ್ಟುಬಿಡುವುದು. ಅವನು ಆಡಿದ ಕ್ಷಣವೇ ನಮ್ಮದು ತಾನಾಗಿ ಬೀಳುತ್ತದೆ. ಸಮಯ ಖರ್ಚಾಗುವುದಿಲ್ಲ. ಅವನು ಇಂಥದ್ದನ್ನೇ ಆಡುತ್ತಾನೆಂದು ಖಾತ್ರಿಯಿದ್ದಾಗ ಮಾತ್ರ ಹೀಗೆ ಮಾಡಬೇಕು. ಇದನ್ನು ಕಲಿಯಲು ಉಳಿದವರಿಗೆ ವರ್ಷಗಳು ಬೇಕು ಎನ್ನುತ್ತಾರೆ. ನನಗೆ ಒಂದು ವಾರವೂ ಬೇಕಾಗಲಿಲ್ಲ. ಏಕೆ?

ಏಕೆಂದರೆ ನಾನು ಮೂವತ್ತೊಂದು ವರ್ಷ ನೀರು ಸರಬರಾಜು ಕಚೇರಿಯ ದೂರು ಕಿಟಕಿಯಲ್ಲಿ ಕುಳಿತವನು. ಜನ ಬಂದು "ಸಾರ್, ನಮ್ಮನೆ ನಲ್ಲೀಲಿ..." ಎನ್ನುವಷ್ಟರಲ್ಲಿ ನನಗೆ ಎಲ್ಲವೂ ತಿಳಿಯುತ್ತಿತ್ತು. ಒತ್ತಡ ಕಡಿಮೆ, ಕೊಳವೆ ಒಡೆದಿದೆ, ನೀರು ಕೆಂಪಗಿದೆ, ಮೀಟರು ಓಡುತ್ತಿದೆ. ಇರುವುದು ನಾಲ್ಕೇ ದೂರು. ಅವರ ಮಾತು ಮುಗಿಯುವ ಮೊದಲು ಚೀಟಿ ಬರೆದು ಮುದ್ರೆ ಒತ್ತಿ ಕೈಗಿಡುತ್ತಿದ್ದೆ. ಅಷ್ಟು ಬೇಗ ಚೀಟಿ ಕೊಡುವವರು ಆ ಕಚೇರಿಯಲ್ಲಿ ಹಿಂದೆ ಇರಲಿಲ್ಲ, ಮುಂದೆಯೂ ಬರಲಿಲ್ಲ. ಒಮ್ಮೆ ಒಬ್ಬರು ಮುದುಕರು ಕಿಟಕಿಯಲ್ಲಿ ಇಣುಕಿದರು. 'ಒತ್ತಡ ಕಡಿಮೆ' ಎಂದು ಚೀಟಿ ಕೊಟ್ಟೆ. ಅವರು ಅದನ್ನು ಓದಿ, "ಸ್ವಾಮಿ, ನಾನು ದೂರು ಕೊಡೋಕೆ ಬಂದಿಲ್ಲ. ನೀರು ಬಂತು, ಉಪಕಾರ ಆಯ್ತು ಅಂತ ಹೇಳಿಹೋಗೋಣ ಅಂತ ಬಂದೆ" ಎಂದರು. ಆದರೆ ಚೀಟಿಗೆ ಆಗಲೇ ಮುದ್ರೆ ಬಿದ್ದಿತ್ತು. ಮೂರನೆಯ ದಿನ ನಮ್ಮವರು ಹೋಗಿ ಅವರ ಮನೆಯ ಮುಂದೆ ಅಗೆದರು.

ನೀವು ನಗುತ್ತಿದ್ದೀರಿ. ನಾನೂ ಈ ಕಥೆಯನ್ನು ನಗುತ್ತಲೇ ಹೇಳಿಕೊಂಡು ಬಂದಿದ್ದೆ.

ಈಗ ನನ್ನ ಹಿಂದಿನ ಪರದೆಯ ವಿಷಯ. ನಾನು ಸಾವಿರದ ಆರುನೂರು ದಾಟಿದ ಆಟವನ್ನು ಕಾರ್ಯದರ್ಶಿಗಳು ಆಗಲೇ ಇಲ್ಲಿ ನಡೆ ನಡೆಯಾಗಿ ತೋರಿಸಿದರು. ಪ್ರತಿ ನಡೆಯ ಪಕ್ಕದಲ್ಲಿ ಅದಕ್ಕೆ ಹಿಡಿದ ಸಮಯವೂ ಇರುತ್ತದೆ. ಎರಡು ಸೆಕೆಂಡು, ಒಂದು, ಮೂರು, ಒಂದು. ಇಪ್ಪತ್ಮೂರನೆಯ ನಡೆಗೆ ಮಾತ್ರ ಒಂಬತ್ತು. ಆ ನಡೆಯಲ್ಲಿ ನಾನು ಕುದುರೆಯನ್ನು ಬಲಿಕೊಟ್ಟೆ, ಅದರಿಂದಲೇ ಗೆದ್ದೆ. "ನೋಡಿ, ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತಿದ್ದಾರೆ. ಈ ಒಂಬತ್ತು ಸೆಕೆಂಡೇ ಪ್ರಬುದ್ಧತೆ" ಎಂದು ಅವರು ಹೇಳಿದಾಗ ನೀವೆಲ್ಲ ಚಪ್ಪಾಳೆ ತಟ್ಟಿದಿರಿ.

ಸಭಿಕರೇ, ಆ ಚಪ್ಪಾಳೆಯನ್ನು ಇಟ್ಟುಕೊಳ್ಳಲು ನನಗೆ ಮನಸ್ಸಾಗುತ್ತಿಲ್ಲ. ಕುದುರೆಯನ್ನು ಎಲ್ಲಿಗೆ ಹಾಕಬೇಕೆಂದು ನನಗೆ ಮೊದಲ ಸೆಕೆಂಡಿನಲ್ಲೇ ಗೊತ್ತಿತ್ತು. ಉಳಿದ ಎಂಟು ಸೆಕೆಂಡು ನನ್ನ ಹೆಂಡತಿ ಪಕ್ಕದಲ್ಲಿ ನಿಂತು ಏನೋ ಕೇಳುತ್ತಿದ್ದಳು. ಅವಳ ನೆರಳು ಫೋನಿನ ಮೇಲೆ ಬಿದ್ದಿತ್ತು. ಅವಳು ಮುಗಿಸಿ ಪಕ್ಕಕ್ಕೆ ಸರಿಯಲಿ ಎಂದು ನಾನು ಕಾದೆ. ಬೆಳಗ್ಗೆ ಏಳೂಕಾಲು. ಆ ಹೊತ್ತಿಗೆ ಅವಳು ಕೇಳುವುದು ಒಂದೇ, ಇನ್ನೊಂದು ಲೋಟ ಟೀ ಕೊಡಲೇ ಎಂದು. ನನ್ನ ಉತ್ತರವೂ ಒಂದೇ. "ಇಲ್ಲ, ಇಲ್ಲ" ಎಂದೆ. ನೆರಳು ಸರಿಯಿತು. ಕುದುರೆ ಹಾಕಿದೆ.

ಸಂಜೆ ಅವಳು ಬಟ್ಟೆ ಜೋಡಿಸುತ್ತಿದ್ದಳು. ಎಲ್ಲಿಗೆ ಎಂದೆ. "ಅಕ್ಕನ ಮನೆಗೆ. ಬೆಳಗ್ಗೆ ನಿಮ್ಮನ್ನ ಕೇಳಿದ್ನಲ್ಲ" ಎಂದಳು. "ಹೌದು, ಹೌದು" ಎಂದೆ. ಅವಳ ಹೊಲಿಗೆ ಯಂತ್ರವನ್ನು ಬಾಡಿಗೆ ಕಾರಿನ ಡಿಕ್ಕಿಗೆ ಎತ್ತಿ ಇಟ್ಟವನೂ ನಾನೇ, ಎರಡು ಆಟಗಳ ನಡುವೆ. ಎರಡು ದಿನಕ್ಕೆ ಅಕ್ಕನ ಮನೆಗೆ ಹೋಗುವವರು ಹೊಲಿಗೆ ಯಂತ್ರ ಒಯ್ಯುವುದಿಲ್ಲ ಎಂಬುದು ನನಗೆ ಹೊಳೆದದ್ದು ಐದನೆಯ ದಿನ.

ಫೋನ್ ಮಾಡಿದೆ. ಯಾವಾಗ ಬರುತ್ತೀ ಎಂದೆ. "ನೀವೇ ಹೇಳಿದ್ರಲ್ಲ" ಎಂದಳು. ಏನು ಹೇಳಿದೆ? "ನಾನು ಏನು ಕೇಳಿದೆ ಅಂತ ನೆನಪಿದೆಯಾ? ಹೇಳಿ, ಬರ್ತೀನಿ." ನನಗೆ ನಿರಾಳವಾಯಿತು. ಲೆಕ್ಕಾಚಾರದ ಸಮಸ್ಯೆ, ಬಿಡಿಸಿದರೆ ಮುಗಿಯಿತು ಎಂದುಕೊಂಡೆ. ನಾನು ಮೂರು ವರ್ಷದಿಂದ ದಿನಕ್ಕೆ ಇಪ್ಪತ್ತು ಸಮಸ್ಯೆ ಬಿಡಿಸುತ್ತಿದ್ದವನು.

ದಿನಾ ಎಂಟು ಗಂಟೆಗೆ ಫೋನ್ ಮಾಡಿ ಒಂದೊಂದು ಊಹೆ ಮುಂದಿಟ್ಟೆ. ಅಡುಗೆಮನೆಯ ನಲ್ಲಿ ಸೋರುತ್ತಿದೆ, ಸರಿ ಮಾಡಿಸಿ ಎಂದು ಕೇಳಿದೆಯಾ? "ಅದಲ್ಲ. ಅದನ್ನ ಕೇಳಿದ್ದು ಹೋದ ವರ್ಷ." ಕಣ್ಣಿನ ಡಾಕ್ಟರ ಹತ್ತಿರ ಬರುತ್ತೀರಾ ಎಂದು ಕೇಳಿದೆಯಾ? "ಅದಲ್ಲ. ಅದಕ್ಕೆ ನಾನೊಬ್ಬಳೇ ಹೋಗಿಬಂದೆ. ಈಗಲೇ ಆಪರೇಷನ್ ಬೇಡ ಅಂದ್ರು." ಮಗಳ ಹೊಸ ಮನೆ ನೋಡಿಕೊಂಡು ಬರೋಣವೇ ಎಂದು ಕೇಳಿದೆಯಾ? "ಅದಲ್ಲ. ನೋಡ್ಕೊಂಡು ಬಂದ್ವಲ್ಲ. ನೀವೂ ಇದ್ರಿ." ಮೂರು ದಿನ ಇದ್ದೆನಂತೆ.

ನಲವತ್ತೊಂದು ಊಹೆ ಮಾಡಿದೆ. ಒಂದೂ ಸರಿಯಲ್ಲ. ಆದರೆ ಸಭಿಕರೇ, ಅವುಗಳಲ್ಲಿ ಹೆಚ್ಚಿನವನ್ನು ಅವಳು ಬೇರೆ ಬೇರೆ ದಿನ ನಿಜವಾಗಿಯೂ ಕೇಳಿದ್ದಳು. ಒಂದೊಂದಕ್ಕೂ ನಾನು ಏನೋ ಒಂದು ಉತ್ತರ ಕೊಟ್ಟಿದ್ದೆ. ಅವಳಿಗೆ ತಿಂಗಳು ಸಹಿತ ನೆನಪಿದೆ. ಅದನ್ನೆಲ್ಲ ಅವಳು ಕೋಪವಿಲ್ಲದೆ ಹೇಳುತ್ತಿದ್ದಳು. ನನಗೆ ಭಯವಾದದ್ದು ಅದಕ್ಕೇ.

ಆ ವಾರ ನಾನು ಆಡಲಿಲ್ಲ. ಸೋಲಿನ ಪುಸ್ತಕ ತೆಗೆದು, ಇಗೋ ಈ ಪರದೆಯ ಮೇಲಿರುವ ಆಟದ ತಾರೀಖು ಹಾಕಿ, ಮುಂದೆ 'ಕೇಳಿಸಿಕೊಳ್ಳಲಿಲ್ಲ' ಎಂದು ಬರೆದು ಗುರುಗಳ ಮುಂದಿಟ್ಟೆ. ಅವರು ಯಾರಿಗೋ ಕೆಮ್ಮಿನ ಔಷಧಿ ಕೊಡುತ್ತಾ ನೋಡಿದರು. "ಅಂಕಲ್, ಇದು ಗೆದ್ದ ಆಟ ಅಲ್ವಾ?" ಎಂದರು. ನಾನು ನಡೆದದ್ದನ್ನು ಹೇಳಿದೆ. ಔಷಧಿಗೆ ಬಂದವರೂ ಹೋಗದೆ ನಿಂತು ಕೇಳಿದರು. ಗುರುಗಳು ಹೊಡೆದು ಹಾಕಲಿಲ್ಲ. "ಆಂಟಿಗೆ ಇದನ್ನೇ ಹೇಳಿ. ಇನ್ನು ಊಹೆ ಮಾಡೋಕೆ ಹೋಗ್ಬೇಡಿ" ಎಂದರು. ಔಷಧಿಗೆ ಬಂದವರು, "ಮೊದಲೇ ಹೇಳ್ಬೇಕಿತ್ತು" ಎಂದರು. ಅವರು ಯಾರೆಂದು ನನಗೆ ಈಗಲೂ ಗೊತ್ತಿಲ್ಲ.

ಹೇಳಿದೆ. ನೀನು ಕೇಳಿದ್ದು ನನಗೆ ಗೊತ್ತಿಲ್ಲ, ನಾನು ಕೇಳಿಸಿಕೊಳ್ಳಲೇ ಇಲ್ಲ, ಕೇಳಿಸಿಕೊಳ್ಳದೆಯೇ ಉತ್ತರ ಕೊಟ್ಟೆ ಎಂದೆ. ಫೋನು ಕಟ್ಟಾಯಿತೇನೋ ಎಂದು ಎರಡು ಸಲ ನೋಡಿದೆ. ಆಮೇಲೆ ಹೇಳಿದಳು: "ಅಕ್ಕ ಒಬ್ಬಳೇ ಆಗಿದ್ದಾಳೆ, ಬಂದು ನನ್ನ ಜೊತೇನೇ ಇದ್ದುಬಿಡು ಅಂತಿದ್ದಾಳೆ ಅಂದೆ. ನನಗೆ ಹೋಗೋಕೆ ಮನಸ್ಸಿಲ್ಲ ಅಂತಾನೂ ಅಂದೆ. ಈ ಮನೇಲಿ ನಾನು ನಿಮಗೆ ಬೇಕಾ, ಹೇಳಿಬಿಡಿ ಅಂತ ಕೇಳಿದೆ. ನೀವು ಇಲ್ಲ ಅಂದ್ರಿ. ಒಂದು ಸಲ ಅಲ್ಲ, ಎರಡು ಸಲ."

ಸಭಿಕರೇ, ಮೂವತ್ತನಾಲ್ಕು ವರ್ಷ ಸಂಸಾರ ಮಾಡಿದವಳು, ಬಹುಶಃ ಎಷ್ಟೋ ದಿನ ಮನಸ್ಸಿನಲ್ಲೇ ಜೋಡಿಸಿಟ್ಟುಕೊಂಡು ಬಂದು ಕೇಳಿದ ಪ್ರಶ್ನೆ ಅದು. ನಾನು ಅವಳಿಗೆ ಚೀಟಿ ಬರೆದು ಕೊಟ್ಟುಬಿಟ್ಟಿದ್ದೆ. ನನಗೆ ಅಳು ಬಂತು. ಇದನ್ನು ಸಭೆಯಲ್ಲಿ ಹೇಳಬಾರದೇನೋ, ಆದರೆ ಬಂತು.

"ಬೇಕು, ಬೇಕು" ಎಂದೆ. ತಕ್ಷಣ ಎಂದೆ.

"ನೋಡಿ, ಮತ್ತೆ ಅಷ್ಟೇ ಬೇಗ ಹೇಳಿದ್ರಿ" ಎಂದಳು. "ಯೋಚನೆ ಮಾಡಿ ಹೇಳಿ." ಎಷ್ಟು ಸಮಯ ಕೊಡುತ್ತೀ ಎಂದು ಕೇಳಿದೆ. ಅದು ಅಭ್ಯಾಸಬಲ. "ಸಮಯ ಗಿಮಯ ಏನೂ ಇಲ್ಲ. ಯೋಚನೆ ಮಾಡಿ, ಅಕ್ಕನ ಮನೆಗೆ ಬಂದು ಎದುರಿಗೆ ಹೇಳಿ" ಎಂದಳು. ಫೋನಿಟ್ಟಳು.

ಇದು ನಡೆದು ನಾಲ್ಕು ದಿನವಾಯಿತು. ನಾಲ್ಕು ದಿನವೂ ಯೋಚಿಸಿದ್ದೇನೆ. ನನ್ನ ಉತ್ತರ ಬದಲಾಗಿಲ್ಲ. ಆದರೆ ಅದಕ್ಕೆ ಕಾರಣಗಳು ಸಿಕ್ಕಿವೆ. ಅಡುಗೆಮನೆಯ ನಲ್ಲಿಯನ್ನು ಖುದ್ದು ಸರಿ ಮಾಡಿದೆ. ಮೂವತ್ತೊಂದು ವರ್ಷ ನೀರಿನ ಕಚೇರಿಯಲ್ಲಿದ್ದವನಿಗೆ ವಾಷರ್ ಬದಲಿಸುವುದು ಹೇಗೆಂದು ಹಾರ್ಡ್‌ವೇರ್ ಅಂಗಡಿಯವರು ಕಲಿಸಿದರು. ನಲ್ಲಿ ಸೋರುವುದು ನಿಂತ ಮೇಲೆ ಮನೆ ಎಷ್ಟು ನಿಶ್ಶಬ್ದವಾಗಿದೆ ಎಂದು ತಿಳಿಯಿತು. ಮೂರು ವರ್ಷದಿಂದ ಅವಳು ಇಂಥ ಮನೆಯಲ್ಲೇ ಇದ್ದಳು, ನಾನು ಪಕ್ಕದಲ್ಲೇ ಕುಳಿತಿರುವಾಗ. ಇದೊಂದು ಕಾರಣ. ಉಳಿದವು ಅವಳಿಗೆ ಹೇಳಬೇಕಾದವು, ನಿಮಗಲ್ಲ.

ಐದು ಸಲಹೆ ಎಂದಿದ್ದರು, ಎರಡಕ್ಕೇ ನಿಲ್ಲಿಸುತ್ತಿದ್ದೇನೆ. ಉಳಿದ ಮೂರನ್ನು ಗುರುಗಳನ್ನು ಕೇಳಿ. ಅಂಗಡಿ ಒಂಬತ್ತಕ್ಕೆ ತೆರೆಯುತ್ತದೆ. ಇದಾದ ಮೇಲೆ ನಾನು ಮುಖ್ಯ ಅತಿಥಿಗಳ ಜೊತೆ ಪ್ರದರ್ಶನ ಪಂದ್ಯ ಆಡಬೇಕೆಂದು ಕಾರ್ಯಕ್ರಮ ಪಟ್ಟಿಯಲ್ಲಿದೆ. ದಯವಿಟ್ಟು ಕ್ಷಮಿಸಬೇಕು. ನನ್ನ ಹೆಂಡತಿಯ ಅಕ್ಕನ ಮನೆಯ ಕಡೆಗೆ ಆರೂ ಹತ್ತಕ್ಕೆ ಬಸ್ಸಿದೆ, ಬರುತ್ತೇನೆಂದು ಹೇಳಿಕಳಿಸಿದ್ದೇನೆ. ಫಲಕವನ್ನು ಇಲ್ಲೇ ಬಿಟ್ಟು ಹೋಗುತ್ತೇನೆ, ಅದನ್ನು ಹಿಡಿದುಕೊಂಡು ಆ ಮನೆಯ ಬಾಗಿಲು ತಟ್ಟುವುದು ಚೆನ್ನಾಗಿರುವುದಿಲ್ಲ.

ಅವಳು ಏನನ್ನುತ್ತಾಳೆ? ನನಗೆ ಗೊತ್ತಿಲ್ಲ. ಬರುತ್ತೇನೆ ಎನ್ನಬಹುದು. ಅಕ್ಕನಿಗೆ ಮಾತು ಕೊಟ್ಟಾಯಿತು ಎನ್ನಬಹುದು. ಬೇಡ ಎಂದೇ ಅನ್ನಬಹುದು, ಅದಕ್ಕೆ ಅವಳಿಗೆ ಹಕ್ಕಿದೆ. ಏನೇ ಅನ್ನಲಿ, ಅವಳ ಮಾತು ಪೂರ್ತಿ ಮುಗಿಯುವವರೆಗೆ ಕೇಳಿಸಿಕೊಂಡು ಬರುತ್ತೇನೆ.

ಕರೆದು ಗೌರವಿಸಿದ ಸಂಘಕ್ಕೆ, ಗಡಿಯಾರ ನೋಡುತ್ತಿದ್ದರೂ ನನ್ನನ್ನು ತಡೆಯದ ಕಾರ್ಯದರ್ಶಿಗಳಿಗೆ, ಕೊನೆಯವರೆಗೆ ಕೇಳಿದ ನಿಮ್ಮೆಲ್ಲರಿಗೆ ನಾನು ಋಣಿ. ನಮಸ್ಕಾರ.