ಬೀಗ ಹಾಕಿದ ಹಾಡು

ಕಿವಿ ಕೊಟ್ಟವನೂ ನೀನೇ, ಕಿವಿಗೆ ಬೀಳುವ ದನಿ ಕೊಟ್ಟವನೂ ನೀನೇ. ಕತ್ತಲಲ್ಲಿ ನಡೆಯುವವರ ಹಿಂದೆ ಮುಂದೆ ಇದ್ದು ಕಾಯುವ ತಂದೆ, ನಿನ್ನ ಪಾದಕ್ಕೆ ಶರಣು. ಈಗ ಹೇಳಹೊರಟಿರುವುದರಲ್ಲಿ ಒಂದು ಮಾತು ಹೆಚ್ಚಾಗದಿರಲಿ, ಒಂದು ಮಾತು ಕಡಿಮೆಯಾಗದಿರಲಿ.

ಇದು ನಮ್ಮ ದೊಡ್ಡಮ್ಮನ ಮಗನಿಗೆ ಆದದ್ದು. ಅವನು ಕಂಪ್ಯೂಟರ್ ರಿಪೇರಿ ಮಾಡುತ್ತಾನೆ. ಯಾವ ಕೆಲಸ ತಂದರೂ "ಚಿಟಿಕೆ ಹೊಡೆಯೋದ್ರೊಳಗೆ ಆಗುತ್ತೆ, ಇಟ್ಟು ಹೋಗಿ" ಅನ್ನುತ್ತಾನಾದ್ದರಿಂದ ಬೀದಿಯವರು ಅವನಿಗೆ ಚಿಟಿಕೆ ಅಂತಲೇ ಹೆಸರಿಟ್ಟಿದ್ದಾರೆ. ಕೆಟ್ಟವನಲ್ಲ. ಆತುರದವನು.

ಆ ಬುಧವಾರ ಅಂಗಡಿ ಬಾಗಿಲು ಎಳೆಯುವಾಗ ರಾತ್ರಿ ಒಂಬತ್ತೂವರೆ. ಹೆಗಲ ಮೇಲೆ ಹಳೆಯದೊಂದು ಕಂಪ್ಯೂಟರ್ ಡಬ್ಬ. ಮನೆಗೆ ಹತ್ತಿರದ ದಾರಿ ಅಂದರೆ ಹಾಳುಬಾವಿ ಪಕ್ಕದ್ದು. ಬೀದಿದೀಪ ಅಲ್ಲಿಗೆ ಬರುವ ಮೊದಲೇ ಮುಗಿದುಹೋಗುತ್ತದೆ. ಬಾವಿಕಟ್ಟೆ ದಾಟುತ್ತಿದ್ದ...

ಟಿಕ್.

ನಿಂತ.

ಟಿಕ್... ಟಿಕ್... ಕರ್ರ್.

ಬಾವಿಯೊಳಗಿಂದಲ್ಲ. ಅವನ ಕಿವಿಯ ಪಕ್ಕದಿಂದಲೇ. ಹಾರ್ಡ್ ಡಿಸ್ಕ್ ತಿರುಗಲು ಶುರುಮಾಡುವಾಗ ಬರುವ ಸದ್ದು ಅದು. ನಿದ್ದೆಗಣ್ಣಲ್ಲೂ ಅವನು ಗುರುತು ಹಿಡಿಯುತ್ತಾನೆ. ಆದರೆ ಡಬ್ಬದ ವೈರು ಸುರುಳಿ ಸುತ್ತಿಕೊಂಡು ಕೈಚೀಲದಲ್ಲಿತ್ತು.

"ಸುಮ್ನಿರು," ಅಂತ ಡಬ್ಬಕ್ಕೆ ಪಿಸುಗುಟ್ಟಿದ. ಡಬ್ಬ ಸುಮ್ಮನಾಯಿತು. ಹೇಳಿದ ಮಾತು ಕೇಳಿತಲ್ಲ... ಅದಕ್ಕೇ ಅವನ ಬೆನ್ನು ತಣ್ಣಗಾದದ್ದು.

ಡಬ್ಬ ಯಾರದು ಅಂತ ಹೇಳಬೇಕು. ಅದು ಹೊಲಿಗೆಯಮ್ಮನ ಮಗಳದು. ಒಬ್ಬಳೇ ಮಗಳು. ಮನೆಯಲ್ಲೇ ಕೂತು ಟೈಪಿಂಗ್ ಮಾಡುತ್ತಿದ್ದಳು, ಮಾಡುತ್ತಾ ಹಾಡುತ್ತಿದ್ದಳು. ಒಂದು ದಿನ ತಾಯಿ, "ಸಾಕು ನಿಲ್ಸೇ, ಅಳತೆ ತಪ್ಪುತ್ತೆ" ಅಂದಳು. ಅಷ್ಟೇ. ಆಮೇಲೆ ಹುಡುಗಿ ತಾಯಿ ಎದುರಿಗೆ ಹಾಡಲು ಬಾಯಿ ಬಿಡಲಿಲ್ಲ. ಬಾಗಿಲು ಹಾಕಿಕೊಂಡು ಒಂಬತ್ತು ಹಾಡು ಕಂಪ್ಯೂಟರಿಗೆ ಹಾಡಿಟ್ಟಳು. ಯಾರೂ ನಕಲು ಮಾಡಿಕೊಳ್ಳದ ಹಾಗೆ ಬೀಗವನ್ನೂ ಹಾಕಿದಳು. ಜ್ವರ ಬಂತು. ಐದೇ ದಿನ. ಹೋಗಿಬಿಟ್ಟಳು.

ಇತ್ತ ತಾಯಿಯ ಕಿವಿ ದಿನದಿಂದ ದಿನಕ್ಕೆ ಮಂದವಾಗುತ್ತಾ ಬಂತು. ಇನ್ನೊಂದು ವಾರ, ಹೆಚ್ಚೆಂದರೆ ಹತ್ತು ದಿನ ಅಂದರಂತೆ ಕಿವಿ ಡಾಕ್ಟರು. ಅವಳು ಡಬ್ಬ ಹೊರಿಸಿಕೊಂಡು ಚಿಟಿಕೆಯ ಅಂಗಡಿಗೆ ಬಂದಳು.

"ಅಪ್ಪಾ, ಈ ಕಿವಿ ಪೂರ್ತಿ ಹೋಗೋಕೆ ಮುಂಚೆ ನನ್ನ ಮಗಳ ದನಿ ಒಂದೇ ಒಂದು ಸಲ ಕೇಳಿಸಿಬಿಡು."

"ಬಿಡಿ ಅಮ್ಮಾ, ಚಿಟಿಕೆ ಕೆಲಸ."

ಅಂಥ ಹಾಡುಗಳ ವಿಷಯ ಹೀಗೆ. ಹಾಡು ಒಂದು ಕಡೆ, ಅದರ ಬೀಗದ ಕೈ ಇನ್ನೊಂದು ಕಡೆ. ಕೈ ಇರುವುದು ಕಣ್ಣಿಗೆ ಬೀಳದಂತೆ ಮುಚ್ಚಿಟ್ಟ ಒಂದು ಫೋಲ್ಡರಿನಲ್ಲಿ. ಅದು ತನ್ನ ಕಂಪ್ಯೂಟರಿನ ಗುರುತು ಹಿಡಿದರೆ ಮಾತ್ರ ತಿರುಗುತ್ತದೆ. ಯಾರೋ ಡಬ್ಬದೊಳಗಿನ ಬೋರ್ಡು ಬದಲಿಸಿದ್ದರು, ಕೈಗೆ ಗುರುತು ಸಿಗುತ್ತಿರಲಿಲ್ಲ. ಯಾವ ಹಾಡು ಒತ್ತಿದರೂ 'ಅನುಮತಿ ಇಲ್ಲ'. ಮೊದಲು ಆ ಫೋಲ್ಡರಿನ ಪ್ರತಿ ತೆಗೆದಿಡಬೇಕು, ಆಮೇಲೆ ಹಳೇ ಬೋರ್ಡು ಹುಡುಕಿ ಕೂರಿಸಬೇಕು. ಎರಡು ದಿನದ ಕೆಲಸ.

ಚಿಟಿಕೆ ಏನು ಮಾಡಿದ? ಫೋಲ್ಡರನ್ನೇ ಅಳಿಸಿದ. ನೂರು ಜನಕ್ಕೆ ಹಾಗೇ ಮಾಡಿದ್ದ. ಕೊಂಡ ಹಾಡಾದರೆ ಮಾರಿದ ಕಂಪನಿ ಹೊಸ ಬೀಗದ ಕೈ ಕಳಿಸುತ್ತದೆ. ಇಲ್ಲಿ ಯಾವ ಕಂಪನಿ? ಆ ಬೀಗದ ಕೈ ಮಾಡಿದವಳು ಮಣ್ಣಿನಡಿ ಮಲಗಿದ್ದಳು.

ಬುಧವಾರ ಬೆಳಿಗ್ಗೆ ಹೊಲಿಗೆಯಮ್ಮ ಬಂದಳು.

"ಅಮ್ಮಾ, ಇದರಲ್ಲಿ ಹಾಡೇ ಇಲ್ಲ. ನಿಮ್ಮ ಮಗಳೇ ಅಳಿಸಿರಬೇಕು."

"ಯಾಕಪ್ಪಾ ಅಳಿಸ್ತಾಳೆ?"

"ನನಗೇನು ಗೊತ್ತು?"

"ನನ್ನ ಮೇಲಿನ ಸಿಟ್ಟಿಗಾ?"

ಇಲ್ಲ ಅನ್ನಬಹುದಿತ್ತು. ನಾಲಿಗೆ ಸವೆಯುತ್ತಿರಲಿಲ್ಲ. "ಇರಬಹುದು," ಅಂದ.

ಹಾಡಿಲ್ಲದ ಡಬ್ಬ ನನಗ್ಯಾಕೆ, ನೀನೇ ಇಟ್ಕೋ ಅಂದು ಅವಳು ಗೋಡೆ ಹಿಡಿದುಕೊಂಡು ಹೋದಳು. ಬಿಡಿಭಾಗಕ್ಕಾಯಿತು ಅಂತ ಇವನು ರಾತ್ರಿ ಹೊತ್ತುಕೊಂಡು ಹೊರಟ. ಬಾವಿಕಟ್ಟೆಯ ಹತ್ತಿರ ಆದದ್ದು ಆಗಲೇ ಹೇಳಿದೆ.

ಮನೆಯಲ್ಲಿ ಹೆಂಡತಿ ಸೊಂಟಕ್ಕೆ ಕೈಯಿಟ್ಟು ನಿಂತಳು. "ರೀ, ಸತ್ತಿದ್ದನ್ನೆಲ್ಲ ಹೊತ್ಕೊಂಡು ಬರ್ತೀರಲ್ಲ, ಇದು ಮನೆನೋ ಸ್ಮಶಾನನೋ?"

"ಮೆಲ್ಲಗೆ ಮಾತಾಡೇ."

"ಯಾಕೆ, ಎದ್ದುಬಿಡುತ್ತಾ?"

ಅವನು ವೈರು ಸಿಕ್ಕಿಸಿದ. ಗುರ್ರ್... ಫ್ಯಾನು ತಿರುಗಿತು. ಎಂಟು ಹಾಡು ಒತ್ತಿದ. ಅನುಮತಿ ಇಲ್ಲ. ಒಂಬತ್ತನೆಯದನ್ನು ಒತ್ತಿದ.

'ಈ ಹಾಡನ್ನು ಇನ್ನು ಏಳು ಸಲ ಕೇಳಬಹುದು.'

ಬೀಗದ ಕೈ ಇಲ್ಲ. ಅವನೇ ಅಳಿಸಿದ್ದಾನೆ. ಮತ್ತೆ ಹುಡುಕಿದ, ಇಲ್ಲ. ಒತ್ತಿದ. ಮೊದಲು ಒಂದು ಉಸಿರು. ಕುರ್ಚಿ ಕಿರುಗುಟ್ಟಿದ ಸದ್ದು. ಆಮೇಲೆ ದನಿ...

ಹೆಂಡತಿ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. "ಯಾರ್ರೀ ಇದು? ಕರುಳು ಹಿಂಡ್ತಿದೆಯಲ್ರೀ."

ಇವನು ನಡೆದದ್ದೆಲ್ಲ ಹೇಳಿದ. ಹಾಡು ಮುಗಿದಾಗ ಆರು ಅಂತ ತೋರಿಸುತ್ತಿತ್ತು.

"ಈಗಲೇ ಹೋಗಿ ಆ ತಾಯಿನ ಕರ್ಕೊಂಡು ಬನ್ನಿ."

"ಬೆಳಿಗ್ಗೆ ಇಲ್ಲ ಅಂದಿದ್ದು ರಾತ್ರಿ ಬಂತು ಅನ್ಲಾ? ಮುಖಕ್ಕೆ ಉಗೀತಾರೆ."

"ಉಗೀಲಿ. ಒರೆಸ್ಕೊಳ್ಳಿ."

ಅವನ ಲೆಕ್ಕಾಚಾರವೇ ಬೇರೆ. ಹಾಡಿನ ನಕಲು ತೆಗೆದು, "ಹಗಲೂ ರಾತ್ರಿ ಒದ್ದಾಡಿ ಉಳಿಸಿದೆ ಅಮ್ಮಾ" ಅಂತ ಕೈಯಲ್ಲಿಟ್ಟರೆ ಸುಳ್ಳೂ ಮುಚ್ಚುತ್ತದೆ, ಹೆಸರೂ ಬರುತ್ತದೆ. ಗುರುವಾರ ಸ್ಪೀಕರಿಗೆ ಮೊಬೈಲು ಹಿಡಿದು ಹಾಡು ಹಚ್ಚಿದ. ಹಾಡು ಚೆನ್ನಾಗಿ ಬಂತು. ಮೊಬೈಲಿನಲ್ಲಿ ಉಳಿದದ್ದು ಗುರ್ರ್ ಅನ್ನುವ ಫ್ಯಾನು ಮಾತ್ರ. ಶುಕ್ರವಾರ ವೈರು ಎಳೆದು ಇನ್ನೊಂದು ಕಂಪ್ಯೂಟರಿಗೆ ತುಂಬಿಸಿದ. ನಾಲ್ಕು ನಿಮಿಷ ಬರೀ ಮೌನ. ಕೊನೆಯಲ್ಲಿ, ತುಟಿ ಮೈಕಿಗೆ ತಾಗುವಷ್ಟು ಹತ್ತಿರದಿಂದ...

"ಅಮ್ಮನ್ನ ಕರಿ."

ಶನಿವಾರ ತನ್ನದೇ ಕಸುಬಿನವನೊಬ್ಬನಿಂದ ಬೇರೆ ಯಂತ್ರ ಇಸಕೊಂಡು ಬಂದ. ಮತ್ತೆ ಮೌನ. ಮತ್ತೆ ಅದೇ ದನಿ. "ಅಮ್ಮನ್ನ ಕರಿ... ಹೊತ್ತು ಮೀರ್ತಿದೆ."

ಭಾನುವಾರ ಮತ್ತೆ ತುಂಬಿಸಿದ, ಪಿಸುಮಾತಿರಲಿಲ್ಲ. ಸೋಮವಾರವೂ ಇರಲಿಲ್ಲ. ಪೀಡೆ ತೊಲಗಿತು ಅಂತ ಇವನಿಗೆ ನೆಮ್ಮದಿ.

ದೇವರು ಕರುಣಾಳು ಅಂತ ನಾನು ಯಾವತ್ತೂ ಹೇಳುವವಳು. ಏಳು ಸಲ ಬಾಗಿಲು ತೆರೆದಿಟ್ಟ. ಹೊಸಿಲು ದಾಟುವ ಕೆಲಸ ಮನುಷ್ಯನದು.

ಮಂಗಳವಾರ ಉಳಿದದ್ದು ಒಂದು. ಹೆಂಡತಿ ಕಂಪ್ಯೂಟರಿಗೆ ಅಡ್ಡ ನಿಂತಳು. "ಇವತ್ತು ಒಬ್ಬರೇ ಮುಟ್ಟಿದ್ರೆ ನಾಳೆಯಿಂದ ಈ ಮನೆಯಲ್ಲಿ ನನ್ನ ದನಿಯೂ ನಿಮಗೆ ಕೇಳಿಸಲ್ಲ. ನೋಡ್ಕೊಳ್ಳಿ."

ಓಡಿದ. ಬಾವಿಕಟ್ಟೆ ಕಡೆ ತಿರುಗಿಯೂ ನೋಡಲಿಲ್ಲ. ಹೊಲಿಗೆಯಮ್ಮ ಮನೆ ಬಾಗಿಲಿಗೆ ಬೀಗ ಹಾಕಿ, ಚಪ್ಪಲಿ ಮೆಟ್ಟಿ, ಮೆಟ್ಟಿಲ ಮೇಲೆ ಕೂತಿದ್ದಳು.

"ಅಮ್ಮಾ, ಹಾಡು ಸಿಕ್ತು! ಬೇಗ ಬನ್ನಿ!"

"ಕೂಗಬೇಡ," ಅಂದಳು. "ಶನಿವಾರ ಎರಡೂ ಕಿವಿ ಹೋದವು."

ಅವನು ಅವಳ ಪಕ್ಕ ಮೆಟ್ಟಿಲ ಮೇಲೆ ಕೂತ. ಅವಳೇ ರಟ್ಟೆ ಹಿಡಿದು ಎತ್ತಿದಳು. "ನಡಿ."

ಅವನ ಮನೆಯಲ್ಲಿ ಅವಳನ್ನು ಕಂಪ್ಯೂಟರಿನ ಎದುರು ಕೂರಿಸಿದರು. ಅವಳು ಕುರ್ಚಿ ತಿರುಗಿಸಿಕೊಂಡು ಅವನಿಗೆ ಎದುರಾಗಿ ಕೂತಳು. ಒತ್ತಿದ. ಉಸಿರು... ಕುರ್ಚಿಯ ಕಿರುಗು... ದನಿ. ಹೆಂಡತಿ ಬಾಯಿಗೆ ಸೆರಗು ತುರುಕಿಕೊಂಡಳು. ತಾಯಿ ರೆಪ್ಪೆ ಬಡಿಯದೆ ಅವನ ಮುಖವನ್ನೇ ನೋಡುತ್ತಿದ್ದಳು. ಪದಗಳಾದರೂ ತಿಳಿಯಲಿ ಅಂತ ಅವನು ಹಾಡಿನ ಜೊತೆ ತುಟಿ ಆಡಿಸತೊಡಗಿದ.

"ಆಡಿಸಬೇಡ. ಅಡ್ಡ ಬರುತ್ತೆ."

ನಾಲ್ಕು ನಿಮಿಷ. ಸೊನ್ನೆ. ಅದಾದ ಮೇಲೆ ಅದು ಯಾವತ್ತೂ ತೆರೆಯಲಿಲ್ಲ.

ಅವನು ಕೈಗೆ ಸಿಕ್ಕಿದ ಕಾಗದದ ಮೇಲೆ 'ಅಳಿಸಿದ್ದು ನಾನು, ನಿಮ್ಮ ಮಗಳಲ್ಲ' ಅಂತ ಬರೆದು ಕೊಟ್ಟ. ಓದಿದಳು. ನಾಲ್ಕು ಮಡಿಕೆ ಮಾಡಿ ಅವನ ಜೇಬಿಗೇ ಇಟ್ಟಳು.

"ಗೊತ್ತು. ಭಾನುವಾರದಿಂದ ಮಗಳೇ ಹೇಳ್ತಿದ್ದಾಳೆ. ಮೊನ್ನೆ ಇನ್ನು ಮೂರು ಅಂದಳು. ನಿನ್ನೆ ಎರಡು. ಇವತ್ತು ಒಂದೇ ಅಂದಳು. ಕರೆಯೋಕೆ ಬಂದರೆ ಹೋಗಮ್ಮಾ, ಕೇಳೋಕಲ್ಲ, ಅವನ ಮುಖ ಹೇಗಿರುತ್ತೆ ನೋಡ್ಕೊಂಡು ಬಾ ಅಂದಳು." ಎದ್ದಳು. "ನೋಡಿದೆ."

ನಂಬದವರೂ ಇರುತ್ತೀರಿ. ಆದರೆ ಕಿವಿ ಡಾಕ್ಟರ ಚೀಟಿಯನ್ನು ನಾನೇ ಈ ಕೈಯಲ್ಲಿ ಹಿಡಿದು ನೋಡಿದ್ದೇನೆ. ಶನಿವಾರ, ಮಧ್ಯಾಹ್ನ ಮೂರು ಗಂಟೆ, ಎರಡೂ ಕಿವಿಯಲ್ಲಿ ಏನೂ ಉಳಿದಿಲ್ಲ ಅಂತ ನೀಲಿ ಶಾಯಿಯಲ್ಲಿ ಬರೆದಿದೆ. ಅದರ ಬೆನ್ನಿಗೆ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ, ತಾಯಿಯ ಕೈಯಲ್ಲೇ: ಮೂರು, ಎರಡು, ಒಂದು. ಅಳತೆ ಬರೆದಿಟ್ಟ ಹಾಗೆ. ನಡೆದದ್ದು ನಿಜ.

ಇದಕ್ಕೆ ಕಿವಿ ಕೊಟ್ಟ ನಿಮಗೆಲ್ಲ ಒಳ್ಳೆಯದಾಗಲಿ. ನಿಮ್ಮವರ ದನಿ ನಿಮಗೆ ಕೊನೆಯವರೆಗೂ ಕೇಳುತ್ತಿರಲಿ. ಕತ್ತಲು ದಾಟಿಸಿ ದೇವರು ನಿಮ್ಮನ್ನು ಮನೆ ಮುಟ್ಟಿಸಲಿ.