ನಾಲ್ಕನೇ ಹಾಸಿಗೆಯ ಜ್ವರ

ಮಧ್ಯಾಹ್ನ ಪಾಳಿ ಬದಲಾಗುವ ಹೊತ್ತಿಗೆ ಮಳೆ ಧೋ ಎಂದು ಸುರಿದು, ಮನೆಗೆ ಹೊರಟಿದ್ದ ನರ್ಸುಗಳೆಲ್ಲ ಬಟ್ಟೆ ಬದಲಿಸುವ ಕೋಣೆಯಲ್ಲೇ ಸಿಕ್ಕಿಕೊಂಡರು. ಕೆಲಸಕ್ಕೆ ಸೇರಿ ತಿಂಗಳೂ ಆಗದ ಹೊಸ ಹುಡುಗಿ ಕೊಡೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಯಾರೋ ಒಂದು ದೆವ್ವದ ಕತೆ ಹೇಳಿ ಅಂದಿದ್ದೇ ತಡ, ನಿವೃತ್ತಿಯಾದರೂ ಆಸ್ಪತ್ರೆ ಬಿಡದ ಸಿಡುಕಕ್ಕ ಬೆಂಚಿನಿಂದಲೇ ರೇಗಿದಳು.

“ಕತೆಯಂತೆ ಕತೆ! ಹೇಳಿ ಹೇಳಿ ನನ್ನ ಗಂಟಲೇ ಒಣಗ್ತು, ನೀವು ಕೇಳಿದ್ದು ಅಷ್ಟರಲ್ಲೇ ಇದೆ. ಆಗ ನಾನೂ ನಿಮ್ಮ ಹಾಗೆ ಇಲ್ಲೇ ನರ್ಸಾಗಿದ್ದೆ. ಪಾರ್ಶ್ವವಾಯು ಹೊಡೆದ ಒಬ್ಬ ಬಡಗೀನ ತಂದು ನಾಲ್ಕನೇ ಹಾಸಿಗೇಲಿ ಮಲಗಿಸಿದ್ರು. ಹೆಪ್ಪುಗಟ್ಟಿದ ರಕ್ತ ಕರಗಿಸೋ ಇಂಜೆಕ್ಷನ್ ಕೊಟ್ರು ನೋಡಿ, ಬಿದ್ದುಹೋಗಿದ್ದ ಕೈ ಎದ್ದೇಬಿಡ್ತು! ಹೆಂಡತಿಗೆ ‘ಏ, ನನ್ನ ಉಳಿ ಎಲ್ಲಿಟ್ಟೆ?’ ಅಂದ. ನಾವು ಕುಣಿಯೋದೊಂದು ಬಾಕಿ. ಕೆಮ್ಮುತ್ತಿದ್ದ... ಆದ್ರೆ ಕೆಮ್ಮು ಯಾರಿಗೆ ಬೇಕಿತ್ತು? ಎದೇಲಿ ಸೋಂಕಿದ್ರೆ, ರಕ್ತ ಮತ್ತೆ ಸರಿಯಾಗಿ ಹರಿದ ಮೇಲೂ ಮೆದುಳು ಊದ್ಕೊಳ್ಳೋ ಅಪಾಯ ಹೆಚ್ಚು, ಗಂಟೆ ಗಂಟೆಗೂ ಜ್ವರ ನೋಡಿ ಅಂತ ಡಾಕ್ಟ್ರು ಬಡ್ಕೊಂಡಿದ್ರು. ನಾನೇನ್ ಮಾಡ್ದೆ ಗೊತ್ತಾ? ಮನೆಗೆ ಹೋಗೋ ಅವಸರ... ಚಾರ್ಟಿನಲ್ಲಿ ಬೆಳಗಿನ ಅಂಕೀನೇ ಕೆಳಗಿನ ಸಾಲಿಗೂ ಇಳಿಸ್ದೆ. ಥರ್ಮಾಮೀಟರ್ ಜೇಬಿಂದ ಆಚೆಗೇ ಬರ್ಲಿಲ್ಲ. ಮಾರನೇ ದಿನ ಬಂದ್ರೆ, ಮೆದುಳು ಊದಿ ಹೋಗ್ಬಿಟ್ಟಿದ್ದ. ಅವನ ಹೆಂಡತಿ ನನ್ನನ್ನೇ ತಬ್ಬಿಕೊಂಡು ‘ಚೆನ್ನಾಗಿ ನೋಡ್ಕೊಂಡ್ರಿ ತಾಯಿ’ ಅಂದ್ಲು. ಆ ಪಾಪ ತೊಳೆಯೋದು ಎಲ್ಲಿ?

“ಎರಡು ದಿನ ಬಿಟ್ಟು ಆ ಖಾಲಿ ಹಾಸಿಗೆಗೆ ಬಟ್ಟೆ ಹಾಸ್ತಿದ್ದೆ, ಹಾಡಹಗಲು! ಸುಡೋ ಕೈಯೊಂದು ನನ್ನ ಮಣಿಕಟ್ಟು ಹಿಡೀತು. ‘ಸಿಸ್ಟರ್... ಜ್ವರ ನೋಡಿ.’ ಅವನದೇ ದನಿ. ಅವತ್ತಿಂದ ಯಾರೇ ಜ್ವರ ನೋಡದೆ ಬರೆದ್ರೂ ಈ ಮಣಿಕಟ್ಟು ಬಿಸಿಯಾಗುತ್ತೆ. ಅದಕ್ಕೇ ಇಲ್ಲಿ ಬಂದು ಬಿದ್ದಿರೋದು, ನಂಗೇನು ಮನೆ ಮಠ ಇಲ್ವಾ?”

ಒಬ್ಬಳು ಕಿಸಕ್ಕೆಂದಳು. ಹೊಸ ಹುಡುಗಿ ನಗಲಿಲ್ಲ. ನಾಲ್ಕನೇ ಹಾಸಿಗೆಯ ಮೇಷ್ಟ್ರಿಗೆ ಬೆಳಿಗ್ಗೆ ಅದೇ ಇಂಜೆಕ್ಷನ್ ಕೊಟ್ಟಿದ್ದರು. ಅವರೂ ಕೆಮ್ಮುತ್ತಿದ್ದರು. ಹೊರಡುವ ಗಡಿಬಿಡಿಯಲ್ಲಿ ಅವಳೂ ಜ್ವರ ನೋಡದೆ ಹಳೆಯ ಅಂಕಿಯನ್ನೇ ಬರೆದು ಬಂದಿದ್ದಳು.

“ಬಾ ಇಲ್ಲಿ,” ಎಂದು ಸಿಡುಕಕ್ಕ ಅವಳತ್ತಲೇ ಕೈ ಚಾಚಿದಳು. “ಮುಟ್ಟು.”

ಮುಟ್ಟಿದಳು. ಆ ಒಣಕಲು ಮಣಿಕಟ್ಟು ಸುಡುತ್ತಿತ್ತು. ಹುಡುಗಿಯ ಕೊಡೆ ಕೆಳಗೆ ಬಿತ್ತು.

“ಬಾಯಿ ಬಿಟ್ಕೊಂಡು ಏನ್ ನೋಡ್ತೀಯೇ, ಓಡು!” ಮುದುಕಿ ಚೀರಿದಳು. “ಬಡಗಿ ಹೋದಮೇಲೆ ಇನ್ನೂ ಮೂವರಿಗೆ ಇದು ಹೀಗೇ ಬಿಸಿಯಾಗಿತ್ತು. ಅವರ ಜೀವ ಹೋದ ಗಳಿಗೇಲಿ ತಣ್ಣಗಾಯ್ತು... ನೋಡು, ಈಗ್ಲೇ ಆರ್ತಾ ಬಂತು.”