ಮೂರನೇ ಅಂತಸ್ತಿನ ಬೋಟಿನ ಮೋಟಾರು

ಕೂಡ್ರಿ ಹುಲಗೇಶ, ನಿಂತು ನೋಡಿದ್ರ ಏನು ತಿಳೀತದ? ಆ ಕುರ್ಚಿ ಬ್ಯಾಡ, ಅದಕ್ಕ ಗ್ರೀಸ್ ಹತ್ತೇದ. ಈ ಕಡೆ ಬರ್ರಿ. ಚಹಾ ತಗೋರಿ. ನೀವು ಹುಸೇನ್ ಸಾಗರದ ದಂಡಿಮ್ಯಾಲೆ ಬೋಟು ರಿಪೇರಿ ಮಾಡೋರು, ಗಂಗಾವತಿ ಕಡೆಯವರು, ಕನ್ನಡ ಬರ್ತದ... ಅದಕ್ಕ ನಿಮಗ ಫೋನ್ ಮಾಡಿದೆ. ಇಂಥಾದ್ದು ತೆಲುಗಿನಾಗ ಹೇಳ್ಲಿಕ್ಕೆ ನನಗ ಬಾಯಿ ಬರೂದಿಲ್ಲ. ಕಾಯಿಪಲ್ಯಾ ತಗೊಳ್ಳಿಕ್ಕೆ ಬರ್ತದ, ಇಂಥಾದ್ದಕ್ಕ ಬರೂದಿಲ್ಲ.

ಯಾಕ ನಗ್ತೀರಿ? ಬಾಲ್ಕನ್ಯಾಗ ಬೋಟಿನ ಮೋಟಾರ್ ನೋಡಿ? ನಗ್ರಿ, ನಗ್ರಿ. ಈ ಕೊಂಡಾಪುರದಾಗ ನೀರು ಅಂದ್ರ ಟ್ಯಾಂಕರ್ ನೀರು. ಅದೂ ದಿನಾ ಬಿಟ್ಟು ದಿನಾ. ಇಂಥಾ ಕಡೆ ನಾವು ಬೋಟಿನ ಮೋಟಾರ್ ಇಟಗೊಂಡೀವಿ. ಬಂದವರೆಲ್ಲಾ ನಗ್ತಾರ. ಗ್ಯಾಸಿನವ ಸಿಲಿಂಡರ್ ಇಳಿಸೋದು ಬಿಟ್ಟು ನಕ್ಕ.

ಇಲ್ಲ, ರಾಯರು ಮನ್ಯಾಗಿಲ್ಲ. ನಾಂಪಲ್ಲಿಗೆ ಹೋಗ್ಯಾರ, ಪೆನ್ಶನ್ ಆಫೀಸಿಗೆ, ಇನ್ನೂ ಜೀವಂತ ಇದ್ದೀನಿ ಅಂತ ಸಹಿ ಮಾಡ್ಲಿಕ್ಕೆ. ಅವರಿಲ್ಲದಾಗ ಬರ್ರಿ ಅಂತ ನಾನ ಹೇಳಿದ್ದಲ್ಲಾ ನಿಮಗ. ಗಾಬರಿ ಆಗಬ್ಯಾಡ್ರಿ. ಒಂದು ಕೆಲಸ ಅದ ನಿಮ್ಮಿಂದ. ಹೇಳ್ತೀನಿ... ಮೊದಲಿಂದ ಹೇಳಬೇಕು.

ನಮ್ಮ ನರಸಿಂಹರಾಯರು ನೀರಾವರಿ ಇಲಾಖೆದಾಗ ಮೂವತ್ನಾಕು ವರ್ಷ ಗುಮಾಸ್ತಕಿ ಮಾಡಿದ್ರು. ಯಾವ ಕಾಲುವಿಗೆ ಎಷ್ಟು ನೀರು ಅಂತ ಬರದದ್ದೇ ಬರದದ್ದು. ಆ ನೀರಾಗ ಒಂದು ದಿನ ಕಾಲು ಇಟ್ಟವರಲ್ಲ. ಈಜು? ಬಕೀಟಿನಾಗ ಸ್ನಾನಾ ಮಾಡೋ ಮನಷ್ಯಾರು ಅವರು. ರಿಟೈರಾದ್ರು, ಕಾಚಿಗುಡದ ಬಾಡಿಗಿ ಮನಿ ಬಿಟ್ಟು ಇಲ್ಲಿಗೆ ಬಂದ್ವಿ. ಇಲ್ಲಿ ಎಲ್ಲಾ ಸಾಫ್ಟ್‌ವೇರ್ ಹುಡುಗೂರು, ಕಾಲ್ ಸೆಂಟರ್ ಹುಡುಗೂರು. ಮುಂಜಾನೆ ಮಲಗೋರು, ಸಂಜಿಗೆ ಏಳೋರು. ಮಾತಾಡಬೇಕಂದ್ರ ಯಾರ ಜೋಡಿ? ರಾಯರು ಗ್ವಾಡಿಗೆ ಮುಖ ಮಾಡಿ ಕೂತುಬಿಟ್ರು. ಒಂದು ವರ್ಷ. ಖರೇನೇ ಒಂದು ವರ್ಷ. 'ಸಾರಿಗೆ ಉಪ್ಪು ಕಮ್ಮಿ ಆಗೇದ' ಅಂತ ಬೈದಿದ್ರೂ ನಾ ಪೇಢಾ ಹಂಚ್ತಿದ್ದೆ. ಅದನ್ನೂ ಅನಲಿಲ್ಲ.

ಹೋದ ವರ್ಷದ ಯುಗಾದಿ ಮುಂದಿನ ಐತವಾರ, ಹಳೇ ಪುಸ್ತಕ ತರ್ತೀನಿ ಅಂತ ಅಬಿಡ್ಸ್‌ಗೆ ಹೋದ್ರು. ಫುಟ್‌ಪಾಥ್ ಮ್ಯಾಲೆ ಇಡ್ತಾರಲ್ಲಾ, ಅಲ್ಲಿ. ಬರೋವಾಗ ಒಂದು ಪುಸ್ತಕ ತಂದ್ರು. ತಗದು ನೋಡಿದ್ರ ಜಪಾನಿ ಭಾಷಾ. 'ಇದನ್ಯಾಕ ತಂದ್ರಿ' ಅಂದೆ. 'ಚಿತ್ರ ಛಲೋ ಅವ' ಅಂದ್ರು. ಚಿತ್ರ ಎಲ್ಲಾ ನಟ್ಟು, ಬೋಲ್ಟು, ಪಂಖಾ. ಮುಂದಿನ ಐತವಾರ ಮತ್ತ ಹೋದ್ರು, ಆಟೋದಾಗ ಆ ಮೋಟಾರ್ ಹಾಕ್ಕೊಂಡು ಬಂದ್ರು. ಪುಸ್ತಕ ಮಾರಿದವನೇ 'ಸಾಬ್, ಇದರ ಮಶೀನೂ ಅದ ನನ್ನ ಕಡೆ' ಅಂದನಂತ. ಯಾರರ ಮೋಟಾರ್ ತಗೊಂಡು ಆಮ್ಯಾಲೆ ಪುಸ್ತಕ ಹುಡುಕ್ತಾರ. ನಮ್ಮನ್ಯಾಗ ಪುಸ್ತಕಕ್ಕ ಹೊಂದೋ ಮೋಟಾರ್ ಬಂತು.

ಅವತ್ತು ರಾಯರು ಮಾತಾಡಿದ್ರು ನೋಡ್ರಿ. ಊಟಾ ಬಿಟ್ಟು ಮಾತಾಡಿದ್ರು. ಲಿಂಗಸುಗೂರು ಕಡೆ ಕೃಷ್ಣಾ ಹೊಳಿ ನಡುವ ಒಂದು ನಡುಗಡ್ಡಿ ಅದ, ಅವರ ತಾಯಿ ತವರು ಆ ಹೊಳಿ ದಂಡಿಗೆ. ಅಲ್ಲಿ ಅಮರೇಶಪ್ಪ ಅಂತ ಅವರ ಸಣ್ಣಂದಿನ ಗೆಳೆಯ, ಹರಗೋಲು ಹಾಕಿ ಮಂದಿನ್ನ ದಾಟಸ್ತಾನ. ಈಗ ಅವನ ರಟ್ಟಿ ಸೋತಾವ. ಒಂದು ತಗಡಿನ ಬೋಟು ಸಿಕ್ಕದ, ಆದ್ರ ಮೋಟಾರ್ ಇಲ್ಲ. ಸಾಲಿ ಮಕ್ಕಳು ದಾಟಬೇಕು, ಬಸರಿ ಹೆಂಗಸೂರು ದಾಟಬೇಕು. 'ಇದನ್ನ ರಿಪೇರಿ ಮಾಡಿ ಅವನಿಗೆ ಒಯ್ದು ಕೊಡ್ತೀನಿ' ಅಂದ್ರು ರಾಯರು. ಸೈಕಲ್ ಪಂಕ್ಚರ್ ಹಾಕ್ಲಿಕ್ಕೆ ಬರ್ತಿದ್ದಿಲ್ಲ ಅವರಿಗೆ.

ಪುಸ್ತಕ ಓದೋರು ಯಾರು? ಮ್ಯಾಲಿನ ಮನ್ಯಾಗ ಮೃಣಾಲಿನಿ ಅಂತ ಒಬ್ಬಾಕಿ ಇದ್ದಾಳ. ಕಂಪನ್ಯಾಗ ಜಪಾನಿನ ಪ್ರಾಜೆಕ್ಟ್ ಬಂದದ ಅಂತ ಆ ಭಾಷಾ ಕಲೀಲಿಕ್ಕೆ ಹಚ್ಯಾರ. ಶನಿವಾರ ಬಂದು ಓದಿ ಕನ್ನಡದಾಗ ಹೇಳೋಕಿ. 'ಮಾನ್ಯ ಗ್ರಾಹಕರೇ, ದಯವಿಟ್ಟು ಪಿಸ್ಟನ್‌ಗೆ ಮರ್ಯಾದೆ ಕೊಡಿರಿ' ಅಂತ ಓದ್ತಿದ್ಲು. ರಾಯರು ಪಿಸ್ಟನ್ನಿಗೆ ಕೈ ಮುಗದು ತಗೀತಿದ್ರು. ನಗಬ್ಯಾಡ್ರಿ, ಚಹಾ ಚೆಲ್ತದ.

ನನ್ನ ಇಡ್ಲಿ ತಟ್ಟಿ ಹೋತು. ಹದಿನಾರು ಕುಳಿ, ಹದಿನಾರು ಥರದ ಬೋಲ್ಟು. ಯಾವ ಕುಳ್ಯಾಗ ಏನದ ಅಂತ ನನಗ ಬಾಯಿಪಾಠ. ಅವರು ಮಕ್ಕೊಂಡು ಬ್ಯಾಟರಿ ಹಿಡೀ ಅನ್ನೋರು, ನಾ ಹಿಡಿಯಾಕಿ. 'ಅಂಬು, ಮೂರನೇ ತಟ್ಟಿ ಎರಡನೇ ಕುಳಿ' ಅನ್ನೋರು, ನಾ ಕೊಡಾಕಿ. ನಲವತ್ತು ವರ್ಷ ಸಂಸಾರ ಮಾಡೀನಿ, ಇಷ್ಟು ಸಲ ನನ್ನ ಹೆಸರು ಹಿಡದು ಕರದಿದ್ದಿಲ್ಲ.

ದಸರಾ ದಿವಸ ಎಲ್ಲಾ ಕೂಡಿಸಿದ್ರು. ನೀಲಿ ಡ್ರಮ್ಮಿನಾಗ ಟ್ಯಾಂಕರ್ ನೀರು ತುಂಬಿ, ಮೋಟಾರ್ ಅದರಾಗ ಇಳಿಸಿ, ಕುಂಕುಮ ಹಚ್ಚಿ, ಹಗ್ಗಾ ಜಗ್ಗಿದ್ರು. ಏಳನೇ ಸಲಕ್ಕ ಶುರು ಆತು. ಅಯ್ಯೋ, ಏನು ಹೇಳ್ಲಿ ಆ ಸಪ್ಪಳ! ಬಿಲ್ಡಿಂಗಿನ ಹುಡುಗೂರೆಲ್ಲಾ ಭೂಕಂಪ ಆತು ಅಂತ ಚಡ್ಡಿ ಮ್ಯಾಲೆ ಕೆಳಗ ಓಡ್ಯಾರ. ಒಬ್ಬ ಕಂಪ್ಯೂಟರ್ ಎದಿಗವಚಿಕೊಂಡು ಓಡಿದ. ಹೊಗಿನಾಗ ರಾಯರು ಕಾಣವಲ್ರು. ಹೊಗಿ ಆರಿದ ಮ್ಯಾಲೆ ನೋಡಿದ್ರ... ಎಂಜಿನ್ ಒದರ್ಲಿಕತ್ತದ, ನೀರಾಗ ಪಂಖಾ ತಿರಗವಲ್ದು. ಒಂದು ಸುತ್ತೂ ಇಲ್ಲ.

ಅವತ್ತಿನಿಂದ ಬಿಚ್ಚೋದು, ಕೂಡಿಸೋದು. ಗೇರ್ ತಗದ್ರು, ಹಲ್ಲು ಎಣಿಸಿದ್ರು, ಮತ್ತ ಹಾಕಿದ್ರು. ಪಂಖಾ ಸಿಗಿಸೋ ರಾಡಿನಾಗ ಒಂದು ತೂತು ಅದ ನೋಡ್ರಿ. 'ಇದು ಯಾತಕ್ಕಿರಬೇಕು ಅಂಬು' ಅಂತ ಕೇಳಿದ್ರು. 'ಎಣ್ಣಿ ಬಿಡ್ಲಿಕ್ಕೆ ಇದ್ದೀತು' ಅಂದೆ. ಪಾಪ, ದಿನಾ ಮುಂಜಾನೆ ಅದರಾಗ ನಾಕು ಹನಿ ಎಣ್ಣಿ ಬಿಡ್ತಾರ.

ಯಾಕ ಹಂಗ ನೋಡ್ಲಿಕತ್ತೀರಿ?

ಚೂಡಾ ತಗೋರಿ. ಈಗ ನನ್ನ ಕೆಲಸ ಕೇಳ್ರಿ. ಸಂಜಿಗೆ ರಾಯರಿದ್ದಾಗ ಬರ್ರಿ, ನಿಮ್ಮ ಪಾಡಿಗೆ ನೀವು ಬಂದವರ ಹಂಗ. ಮೋಟಾರ್ ನೋಡ್ರಿ, ತಲಿ ಅಲ್ಲಾಡಿಸ್ರಿ. 'ಒಳಗಿಂದು ಒಂದು ಸಾಮಾನು ಹೋಗೇದ್ರಿ ರಾಯರ, ಜಪಾನಿನಿಂದ ಬರಬೇಕು, ಒಂದು ವರ್ಷ ಹಿಡೀತದ' ಅನ್ರಿ. ಅಷ್ಟೇ. ಹೆಸರು ಏನರ ಇಡ್ರಿ ಅದಕ್ಕ, ಉದ್ದಂದು ಇಡ್ರಿ.

ಏನ್ರಿ? ಕಪ್ಪು ಯಾಕ ಕೆಳಗಿಟ್ರಿ?

ಸುಳ್ಳು ಅಂತನಾ? ಒಂದು ಸಣ್ಣ ಸುಳ್ಳು. ಯಾರಿಗೂ ನಷ್ಟ ಇಲ್ಲ... ನಡುಗಡ್ಡಿ ಮಂದಿ? ಅವರು ಇಷ್ಟು ವರ್ಷ ಹರಗೋಲಿನಾಗ ದಾಟಿಲ್ಲೇನು? ಹೋದ ಸೋಮವಾರ ಅಮರೇಶಪ್ಪ ಫೋನ್ ಮಾಡಿದ್ದ. 'ವೈನಿ, ಮೃಗಶಿರ ಬರೋದ್ರೊಳಗ ಆದೀತೇನು? ಹೊಳಿ ತುಂಬಿದ್ರ ಈ ಸರ್ತಿ ನನ್ನ ಕೈಲೆ ಹುಟ್ಟು ಹಾಕೋದು ಆಗೂದಿಲ್ಲ' ಅಂದ. ನಾ ಏನಂದೆ? 'ಆಗ್ತದ ಅಮರೇಶಪ್ಪ' ಅಂದೆ. ಅಂದು ಫೋನ್ ಇಟ್ಟು ಹಿಂಗ, ಈ ನೆಲದ ಮ್ಯಾಲೆ, ಕೂತುಬಿಟ್ಟೆ.

ಆ ತೂತಿನ ಮ್ಯಾಲೆ ಬೆರಳ ಆಡಿಸಬ್ಯಾಡ್ರಿ. ನನ್ನನ್ನೂ ಹಂಗ ನೋಡಬ್ಯಾಡ್ರಿ. ಮಾತಾಡ್ರಿ ಏನರ. ಮಾತಾಡೋರ ಮುಂದ ಸುಳ್ಳು ಹೇಳಬಹುದು, ಸುಮ್ಮ ಕೂತವರ ಮುಂದ ಭಾಳ ತ್ರಾಸು.

...

ತಗೋರಿ. ನೋಡ್ರಿ. ಇದೇ. ಕಡ್ಡಿಪೆಟ್ಟಿಗಿ ಕಡ್ಡಿಯಷ್ಟು ಹಿತ್ತಾಳಿ ಪಿನ್ನು. ಸೆರಗಿನ ಗಂಟಿನಾಗ ಇಟಗೊಂಡು ತಿರಗ್ಲಿಕತ್ತೀನಿ ಹೋದ ಶ್ರಾವಣದಿಂದ. ಆ ತೂತಿನಾಗ ಇರಬೇಕಾದ್ದು. ರಾಯರು ಸ್ನಾನಕ್ಕ ಹೋಗಿದ್ರು, ಮೃಣಾಲಿನಿ ರೂಢಿ ಆಗ್ಲಿ ಅಂತ ಮುಂದಿನ ಪುಟ ಓದ್ಲಿಕತ್ತಿದ್ಲು. 'ಈ ಪಿನ್ನು ಬಲು ಚಿಕ್ಕದು. ಇದಿಲ್ಲದೆ ಎಂಜಿನ್ ಓಡುತ್ತದೆ, ದೋಣಿ ಓಡುವುದಿಲ್ಲ.' ಆಕಿ ಹೋದ ಮ್ಯಾಲೆ ಇಡ್ಲಿ ತಟ್ಟಿಯೊಳಗಿನ ಪಿನ್ನು ತಗದೆ, ಆ ಪುಟಾನೂ ಹರದೆ. ಒಲಿಗೆ ಹಾಕಿದೆ.

ಯಾಕ ಅಂದ್ರ... ಹಿಂದಿನ ದಿವಸ ಊಟಕ್ಕ ಕೂತಾಗ ಅಂದಿದ್ರು, 'ಮೋಟಾರ್ ಒಯ್ದು ಕೊಟ್ಟು ನಾ ಅಲ್ಲೇ ಇದ್ದುಬಿಡ್ತೀನಿ. ಅಮರೇಶಪ್ಪಗ ಮೋಟಾರ್ ನಡಸೋದು ಬರೂದಿಲ್ಲ, ನಾನ ನಡಸ್ತೀನಿ.' ನಾ ಇದ್ದುಬಿಡ್ತೀನಿ. ನಾವು ಅನಲಿಲ್ಲ ಹುಲಗೇಶ. ಹಪ್ಪಳಾ ಮುರದಷ್ಟು ಸಸಾರ ಅಂದ್ರು. ನಾ ಕಾಚಿಗುಡದಾಗ ಹುಟ್ಟಿದಾಕಿ. ಹೊಳಿ ಅಂದ್ರ ರೈಲಿನ ಕಿಡಿಕ್ಯಾಗ ನೋಡೀನಿ ಅಷ್ಟೇ. 'ನಾನೂ ಬರ್ತೀನಿ' ಅಂತ ಕೇಳಬೇಕೇನು, ಈ ವಯಸ್ಸಿನಾಗ, ಗಂಡನ್ನ? ಕೇಳಲಿಲ್ಲ. ಪಿನ್ನು ತಗದೆ. ಹೊಂಟ್ರು ಅಂದ್ರ ಹೋದ್ರು. ಬಿಚ್ಚಿ ಕೂತ್ರ ಮನ್ಯಾಗ ಇರ್ತಾರ, 'ಅಂಬು' ಅಂತಾರ. ತಪ್ಪು, ಗೊತ್ತದ ನನಗ. ಬೈರಿ ನೀವು.

ಬೈಯವಲ್ರಿ. ಅಚ್ಚರಿನೂ ಪಡವಲ್ರಿ. ನಾ ಇಷ್ಟು ಹೇಳಿದೆ, ನೀವು 'ಹೌದೇನ್ರಿ ಬಾಯಿಯವರ' ಅನಬೇಕಾಗಿತ್ತು. ಯಾಕ ತಲಿ ತಗ್ಗಿಸಿದ್ರಿ?

ನಿಮ್ಮ ನಂಬರ್ ನನಗ ಎಲ್ಲಿ ಸಿಕ್ತು ಅಂತ ನೀವು ಕೇಳಲೇ ಇಲ್ಲ. ರಾಯರ ಅಂಗಿ ಒಗಿಯೋವಾಗ ಕಿಸೆದಾಗ ಸಿಕ್ತು, ನಿಮ್ಮ ಕಾರ್ಡು. ಎಲ್ಲೆರ ಬಿದ್ದದ್ದು ಎತ್ತಿಟಗೊಂಡಿರಬೇಕು ಅನಕೊಂಡೆ...

ನಿಮ್ಮ ಕಡೆ ಬಂದಿದ್ರೇನು?

ಹುಲಗೇಶ. ನನ್ನ ಮುಖಾ ನೋಡ್ರಿ. ಬಂದಿದ್ರು, ಹೌದಲ್ಲೋ? ಪಿನ್ನು ಒಯ್ದಾರ. ...ಯಾವಾಗ? ಬೆರಳ ಮಡಚಬ್ಯಾಡ್ರಿ, ಹಬ್ಬದ ಮ್ಯಾಲೆ ಹೇಳ್ರಿ. ಸಂಕ್ರಮಣ? ಅದಕ್ಕಿಂತ ಮುಂಚೆ? ದೀಪಾವಳಿ? ದೀಪಾವಳಿ ಆದ ಮ್ಯಾಲೆ ಐದು ಸಲ ಬಿಚ್ಯಾರ. ಹೊಸಾ ಪಿನ್ನು ಇಟಗೊಂಡು ಐದು ಸಲ ಬಿಚ್ಯಾರ. ನನ್ನ ಕೈಲೆ ಬ್ಯಾಟರಿ ಹಿಡಿಸ್ಯಾರ. ಆ ತೂತಿನಾಗ ಎಣ್ಣಿ ಬಿಟ್ಟಾರ, ನನ್ನ ಕಣ್ಣೆದುರಿಗೆ.

ತಡೀರಿ. ಸ್ವಲ್ಪ ತಡೀರಿ.

ಕಾರ್ತೀಕ ಮಾಸದಾಗ ಒಂದು ಸಲ ಕೇಳಿದ್ರು, 'ನಡುಗಡ್ಡ್ಯಾಗ ಹಿಟ್ಟಿನ ಗಿರಣಿ ಇಲ್ಲ ಅಂಬು, ಬೀಸಬೇಕಾಗ್ತದ.' ನಾ ಅಂದೆ, 'ನನಗೇನು, ಹೋಗೋರು ನೀವು.' ಶಿವರಾತ್ರಿಗೆ ಅಂದ್ರು, 'ಅಲ್ಲಿ ರಾತ್ರಿ ಕರೆಂಟ್ ಇರೂದಿಲ್ಲ, ಕೆಲವರಿಗೆ ಅಂಜಿಕಿ ಆಗ್ತದ.' ನಾ ಅಂದೆ, 'ಅಂಜೋರು ಮನ್ಯಾಗಿರಬೇಕು.' ಮೊನ್ನೆನೂ ಏನೋ ಕೇಳಿದ್ರು... ಹ್ಞಾಂ, ಹೊಳಿ ನೀರು ಕುಡದ್ರ ನೆಗಡಿ ಆಗ್ತದೋ ಏನೋ ಅಂತ. ನಾ ಕುಕ್ಕರ್ ಇಳಸ್ಲಿಕ್ಕೆ ಎದ್ದು ಹೋದೆ. ಯಾಕ ಕೇಳ್ತಾರ ಅಂತ ವಿಚಾರನೂ ಮಾಡಲಿಲ್ಲ ನೋಡ್ರಿ. ಅವರಿಗೆ ಎಂದೂ ನೆಗಡಿ ಆಗೂದಿಲ್ಲ. ನೆಗಡಿ ಆಗೋದು ನನಗ.

...ಇಲ್ಲ, ಅಳ್ಲಿಕತ್ತಿಲ್ಲ. ಪೆಟ್ರೋಲ್ ವಾಸನಿ ಕಣ್ಣಿಗೆ ಹತ್ತೇದ.

ಸಂಜಿಗೆ ಬರಬ್ಯಾಡ್ರಿ. ಜಪಾನಿನ ಸುಳ್ಳೂ ಬ್ಯಾಡ. ಇಷ್ಟು ಹೇಳ್ರಿ ಸಾಕು, ಈ ಪಿನ್ನು ಮುರೀತದಂತ, ಕಲ್ಲಿಗೆ ಪಂಖಾ ಬಡದ್ರ? ಪಂಖಾ ಉಳೀಲಿ ಅಂತ ತಾನು ಮುರೀತದ? ಹಂಗಾದ್ರ ನಡುಹೊಳ್ಯಾಗ ಏನು ಮಾಡ್ತಾರ? ಇನ್ನೊಂದು ಇಟಗೊಂಡಿರಬೇಕು... ಹ್ಞೂಂ. ಮತ್ತ ತಗಡಿನ ಬೋಟಿನಾಗ ಈಜು ಬರದವರು ಇಬ್ಬರು ಕೂತ್ರ ನಡೀತದೇನು?

ಲಿಫ್ಟಿನ ಸಪ್ಪಳ. ಅವರೇ. ಬ್ಯಾಡ, ಏಳಬ್ಯಾಡ್ರಿ, ಚಹಾ ಮುಗಿಸ್ರಿ, ಬಾಗಲಾ ನಾ ತಗೀತೀನಿ. ಏನು, ಪಿನ್ನಾ? ಇರ್ಲಿ ಬಿಡ್ರಿ, ಟೇಬಲ್ ಮ್ಯಾಲೆ ಅವರಿಗೆ ಕಾಣೋಹಂಗ ಇರ್ಲಿ.